ಭಾರತೀಯ ವಿದೇಶಾಂಗ ಸೇವೆ: ಪ್ರವೇಶ, ಪರೀಕ್ಷಾ ವಿಧಾನ ಮತ್ತು ಸಿದ್ಧತೆ – ಅಭ್ಯರ್ಥಿಗಳಿಗೆ ಮಾಹಿತಿ

1. ಪೀಠಿಕೆ

ಅನ್ಯ ರಾಷ್ಟ್ರಗಳೊಡನೆ ಭಾರತದ ಸಂಬಂಧಗಳನ್ನು ನಿರ್ವಹಿಸುವುದು, ವಿದೇಶಗಳಲ್ಲಿ ದೇಶದ ಹಿತವನ್ನು ಕಾಯುವುದು ಮತ್ತು ಅಲ್ಲಿರುವ ಭಾರತೀಯ ಪ್ರಜೆಗಳಿಗೆ ನೆರವಾಗುವುದು ಭಾರತೀಯ ವಿದೇಶಾಂಗ ಸೇವೆಯ ಮುಖ್ಯ ಕರ್ತವ್ಯಗಳಾಗಿರುತ್ತವೆ. ಈ ಸೇವೆಗೆ ನೇರ ನೇಮಕಾತಿಯು ಕೇಂದ್ರ ಲೋಕಸೇವಾ ಆಯೋಗವು (ಯು.ಪಿ.ಎಸ್.ಸಿ.) ಪ್ರತಿ ವರ್ಷ ನಡೆಸುವ ನಾಗರಿಕ ಸೇವಾ ಪರೀಕ್ಷೆಯ ಮೂಲಕ ನಡೆಯುತ್ತದೆ. ರಾಜತಾಂತ್ರಿಕ ಹುದ್ದೆಗೆಂದು ಪ್ರತ್ಯೇಕ ಪರೀಕ್ಷೆ ಇರುವುದಿಲ್ಲ.

ಕರ್ನಾಟಕದ ಅಭ್ಯರ್ಥಿಗಳು, ವಿಶೇಷವಾಗಿ ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದವರು, ಅರ್ಹತೆ, ಪ್ರಮಾಣಪತ್ರ, ಪರೀಕ್ಷೆಯ ಹಂತಗಳು ಹಾಗೂ ಸೇವೆಯ ಸ್ವರೂಪವನ್ನು ಒಂದೆಡೆ ತಿಳಿಯಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

2. ಸೇವೆಯ ಹಿನ್ನೆಲೆ

ಈಸ್ಟ್ ಇಂಡಿಯಾ ಕಂಪನಿಯು 1783ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿ ವಿದೇಶಿ ವ್ಯವಹಾರಗಳಿಗೆ ಒಂದು ವಿಭಾಗವನ್ನು ತೆರೆಯಲು ನಿರ್ಣಯಿಸಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರ ಅಕ್ಟೋಬರ್ 9ರಂದು, ಭಾರತೀಯ ವಿದೇಶಾಂಗ ಸೇವೆಯನ್ನು ಸ್ಥಾಪಿಸಲಾಯಿತು. ಆ ದಿನವನ್ನು ವಿದೇಶಾಂಗ ಸೇವಾ ದಿನವಾಗಿ ಆಚರಿಸಲಾಗುತ್ತದೆ. 1948ರಿಂದ ಸಂಯುಕ್ತ ಪರೀಕ್ಷೆಯ ಮೂಲಕ ಆಯ್ಕೆ ಆರಂಭವಾಯಿತು.

ಈ ಸೇವೆಯ ಇತಿಹಾಸದಲ್ಲಿ ಕೊಡಗಿನ ಶ್ರೀಮತಿ/ಕುಮಾರಿ ಎಂಬ ಭೇದಕ್ಕೆ ಸಂಬಂಧಿಸಿದ ಒಂದು ಮುಖ್ಯ ಅಧ್ಯಾಯವಿದೆ. ವಿರಾಜಪೇಟೆಯಲ್ಲಿ 1924ರಲ್ಲಿ ಜನಿಸಿದ ಚೋನಿರ ಬೆಳ್ಳಿಯಪ್ಪ ಮುತ್ತಮ್ಮ ಅವರು 1948ರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1949ರಲ್ಲಿ ಸೇವೆಗೆ ಸೇರಿದ ಮೊದಲ ಮಹಿಳೆ. 1970ರಲ್ಲಿ ಅವರು ಹಂಗೇರಿಗೆ ರಾಯಭಾರಿಯಾಗಿ ನೇಮಕಗೊಂಡರು. ಆ ಕಾಲದ ಸೇವಾ ನಿಯಮಗಳಂತೆ ಮಹಿಳಾ ಅಧಿಕಾರಿಯು ವಿವಾಹವಾಗುವ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ವಿವಾಹದ ನಂತರ ಕರ್ತವ್ಯಕ್ಕೆ ಅಡ್ಡಿಯಾಗುವುದೆಂದು ಸರ್ಕಾರ ಭಾವಿಸಿದಲ್ಲಿ ರಾಜೀನಾಮೆ ಕೇಳಬಹುದಿತ್ತು. ವಿವಾಹಿತ ಮಹಿಳೆಗೆ ನೇಮಕಾತಿಯು ಹಕ್ಕಾಗಿರಲಿಲ್ಲ. ಪುರುಷ ಅಧಿಕಾರಿಗಳಿಗೆ ಇಂತಹ ನಿರ್ಬಂಧ ಇರಲಿಲ್ಲ. ಬಡ್ತಿ ನಿರಾಕರಿಸಲ್ಪಟ್ಟಾಗ ಮುತ್ತಮ್ಮ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರು. ಪ್ರಕರಣವು ಇತ್ಯರ್ಥವಾಗುವ ವೇಳೆಗೆ ಅವರಿಗೆ ಬಡ್ತಿ ದೊರೆತಿತ್ತು. ಆದರೂ 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಸದರಿ ನಿಯಮಗಳಲ್ಲಿನ ತಾರತಮ್ಯವನ್ನು ಕಟುವಾಗಿ ಟೀಕಿಸಿ, ಸೇವಾ ನಿಯಮಗಳನ್ನೆಲ್ಲ ಪರಿಶೀಲಿಸಿ ಲಿಂಗ ತಾರತಮ್ಯವನ್ನು ನಿವಾರಿಸಬೇಕೆಂದು ಸೂಚಿಸಿದರು. ಇಂದು ವಿವಾಹಿತ ಹಾಗೂ ಅವಿವಾಹಿತ ಮಹಿಳೆಯರು ಪುರುಷರಿಗೆ ಸಮಾನವಾಗಿ ಅರ್ಜಿ ಸಲ್ಲಿಸಬಹುದಾಗಿದೆ. 2001ರಲ್ಲಿ ಚೋಕಿಲಾ ಅಯ್ಯರ್ ಅವರು ವಿದೇಶಾಂಗ ಕಾರ್ಯದರ್ಶಿ ಹುದ್ದೆಗೇರಿದ ಮೊದಲ ಮಹಿಳೆಯಾದರು. 2009ರಿಂದ 2011ರವರೆಗೆ ಇದೇ ಹುದ್ದೆಯಲ್ಲಿದ್ದ ನಿರುಪಮಾ ರಾವ್ ಅವರು ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನ ಹಳೆಯ ವಿದ್ಯಾರ್ಥಿನಿ.

3. ಸೇವೆಯ ಸ್ವರೂಪ

(ಅ) ವಿದೇಶಾಂಗ ಸೇವೆಯು ಕೇಂದ್ರ ಸೇವೆಯೇ ಹೊರತು ಅಖಿಲ ಭಾರತ ಸೇವೆಯಲ್ಲ. ಆದ್ದರಿಂದ ಐ.ಎ.ಎಸ್. ಅಥವಾ ಐ.ಪಿ.ಎಸ್. ಅಧಿಕಾರಿಗಳಂತೆ ರಾಜ್ಯ ವೃಂದ ಇರುವುದಿಲ್ಲ. ವೃತ್ತಿಜೀವನವು ನವದೆಹಲಿಯ ವಿದೇಶಾಂಗ ಸಚಿವಾಲಯ ಮತ್ತು ವಿದೇಶಗಳಲ್ಲಿರುವ ಕಚೇರಿಗಳ ನಡುವೆ ಸಾಗುತ್ತದೆ. ಸ್ವಂತ ಜಿಲ್ಲೆಯಲ್ಲಿ ಅಥವಾ ರಾಜ್ಯದಲ್ಲಿ ಸೇವೆ ಸಲ್ಲಿಸಬೇಕೆಂಬ ಅಪೇಕ್ಷೆ ಉಳ್ಳವರು ಈ ಅಂಶವನ್ನು ಮೊದಲೇ ಗಮನಿಸತಕ್ಕದ್ದು.

(ಆ) ವಿದೇಶದಲ್ಲಿರುವ ಭಾರತದ ಕಚೇರಿಯನ್ನು ರಾಯಭಾರ ಕಚೇರಿ ಎಂದೂ, ಕಾಮನ್‌ವೆಲ್ತ್ ರಾಷ್ಟ್ರಗಳಲ್ಲಿ ಹೈಕಮಿಷನ್ ಎಂದೂ ಕರೆಯಲಾಗುತ್ತದೆ. ದೊಡ್ಡ ನಗರಗಳಲ್ಲಿ ಕಾನ್ಸುಲೇಟ್‌ಗಳು ಇರುತ್ತವೆ. ರಾಜತಾಂತ್ರಿಕರ ವಿನಾಯಿತಿ ಹಾಗೂ ಹೊಣೆಗಳು 1961ರ ವಿಯೆನ್ನಾ ಒಪ್ಪಂದಕ್ಕೂ, ಕಾನ್ಸುಲರ್ ಕಾರ್ಯಗಳು 1963ರ ವಿಯೆನ್ನಾ ಒಪ್ಪಂದಕ್ಕೂ ಒಳಪಟ್ಟಿರುತ್ತವೆ.

(ಇ) ವಿದೇಶದಲ್ಲಿ ಹುದ್ದೆಗಳ ಶ್ರೇಣಿ: ತೃತೀಯ ಕಾರ್ಯದರ್ಶಿ, ದ್ವಿತೀಯ ಕಾರ್ಯದರ್ಶಿ, ಪ್ರಥಮ ಕಾರ್ಯದರ್ಶಿ, ಕೌನ್ಸೆಲರ್, ಮಿನಿಸ್ಟರ್ ಮತ್ತು ರಾಯಭಾರಿ ಅಥವಾ ಹೈಕಮಿಷನರ್. ಸಚಿವಾಲಯದಲ್ಲಿ ಅಧೀನ ಕಾರ್ಯದರ್ಶಿಯಿಂದ ಆರಂಭವಾಗಿ ಉಪ ಕಾರ್ಯದರ್ಶಿ, ನಿರ್ದೇಶಕ, ಜಂಟಿ ಕಾರ್ಯದರ್ಶಿ, ಅಪರ ಕಾರ್ಯದರ್ಶಿ ಮತ್ತು ಕಾರ್ಯದರ್ಶಿ ಹುದ್ದೆಗಳವರೆಗೆ ಏರಲು ಅವಕಾಶವಿದೆ.

(ಈ) 7ನೇ ಕೇಂದ್ರ ವೇತನ ಆಯೋಗದ ಶಿಫಾರಸಿನಂತೆ ಆರಂಭಿಕ ಮೂಲ ವೇತನ ರೂ. 56,100 ಆಗಿದ್ದು, ವಿದೇಶದಲ್ಲಿರುವ ಅವಧಿಗೆ ಆಯಾ ಸ್ಥಳದ ಜೀವನ ವೆಚ್ಚಕ್ಕೆ ಅನುಗುಣವಾಗಿ ವಿದೇಶ ಭತ್ಯೆ ಮತ್ತು ವಸತಿ ಸೌಲಭ್ಯ ದೊರೆಯುತ್ತದೆ.

(ಉ) ರಾಯಭಾರ ಕಚೇರಿಯ ಕೆಲಸವೆಂದರೆ ಔತಣಕೂಟ ಮತ್ತು ಸಮಾರಂಭಗಳು ಮಾತ್ರ ಎಂಬ ಭಾವನೆ ಸರಿಯಲ್ಲ. ಮೃತರ ಪಾರ್ಥಿವ ಶರೀರವನ್ನು ಊರಿಗೆ ಕಳುಹಿಸುವುದು, ಬಂಧನದಲ್ಲಿರುವ ಭಾರತೀಯರನ್ನು ಭೇಟಿ ಮಾಡುವುದು, ವೇತನ ದೊರೆಯದ ಕಾರ್ಮಿಕರ ಪರವಾಗಿ ಮಾತನಾಡುವುದು, ಯುದ್ಧ ಅಥವಾ ವಿಪತ್ತಿನಲ್ಲಿ ಪ್ರಜೆಗಳನ್ನು ತೆರವುಗೊಳಿಸುವುದು ಇವೆಲ್ಲವೂ ದೈನಂದಿನ ಹೊಣೆಗಳಾಗಿವೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಅಂತರ್ಯುದ್ಧ ಆರಂಭವಾದಾಗ ಗಿಡಮೂಲಿಕೆ ವ್ಯಾಪಾರಕ್ಕೆಂದು ಅಲ್ಲಿಗೆ ತೆರಳಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಸಿಲುಕಿಕೊಂಡಿದ್ದರು. ಆಪರೇಷನ್ ಕಾವೇರಿ ಕಾರ್ಯಾಚರಣೆಯಲ್ಲಿ ಭಾರತೀಯರನ್ನು ಪೋರ್ಟ್ ಸುಡಾನ್ ಬಂದರಿಗೆ ತಂದು, ಹಡಗು ಮತ್ತು ವಿಮಾನಗಳ ಮೂಲಕ ಜೆಡ್ಡಾಕ್ಕೂ ಅಲ್ಲಿಂದ ಸ್ವದೇಶಕ್ಕೂ ಕರೆತರಲಾಯಿತು. ಇಂತಹ ಸಂದರ್ಭಗಳಲ್ಲಿ ಒಬ್ಬ ಅಧಿಕಾರಿಯ ನಿರ್ಧಾರದ ಮೇಲೆ ಹಲವು ಕುಟುಂಬಗಳ ಪ್ರಾಣ ಅವಲಂಬಿಸಿರುತ್ತದೆ.

4. ಅರ್ಹತೆ

(ಅ) ರಾಷ್ಟ್ರೀಯತೆ: ವಿದೇಶಾಂಗ ಸೇವೆಗೆ ಅಭ್ಯರ್ಥಿಯು ಭಾರತದ ಪ್ರಜೆಯಾಗಿರತಕ್ಕದ್ದು.

(ಆ) ವಿದ್ಯಾರ್ಹತೆ: ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದೇ ಪದವಿ. ಕಲೆ, ವಾಣಿಜ್ಯ, ವಿಜ್ಞಾನ, ಇಂಜಿನಿಯರಿಂಗ್, ಕೃಷಿ, ವೈದ್ಯಕೀಯ ಎಂಬ ಭೇದವಿಲ್ಲ. ಪದವಿಯ ಅಂತಿಮ ವರ್ಷದಲ್ಲಿರುವವರು ಪೂರ್ವಭಾವಿ ಪರೀಕ್ಷೆಗೆ ಕುಳಿತುಕೊಳ್ಳಬಹುದು; ಮುಖ್ಯ ಪರೀಕ್ಷೆಯ ಅರ್ಜಿಯೊಂದಿಗೆ ತೇರ್ಗಡೆಯ ಪುರಾವೆ ಒದಗಿಸತಕ್ಕದ್ದು.

(ಇ) ವಯೋಮಿತಿ: ಪರೀಕ್ಷಾ ವರ್ಷದ ಆಗಸ್ಟ್ 1ಕ್ಕೆ 21 ವರ್ಷ ತುಂಬಿರಬೇಕು ಮತ್ತು 32 ವರ್ಷ ತುಂಬಿರಬಾರದು. ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರಿಗೆ 5 ವರ್ಷ, ಇತರೆ ಹಿಂದುಳಿದ ವರ್ಗದವರಿಗೆ 3 ವರ್ಷ, ನಿಗದಿತ ಅಂಗವೈಕಲ್ಯ ಉಳ್ಳವರಿಗೆ 10 ವರ್ಷಗಳ ಸಡಿಲಿಕೆ ಇರುತ್ತದೆ.

(ಈ) ಅವಕಾಶಗಳ ಸಂಖ್ಯೆ: ಸಾಮಾನ್ಯ ವರ್ಗ ಹಾಗೂ ಆರ್ಥಿಕವಾಗಿ ದುರ್ಬಲ ವರ್ಗದವರಿಗೆ 6, ಇತರೆ ಹಿಂದುಳಿದ ವರ್ಗದವರಿಗೆ 9, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವಯೋಮಿತಿಯೊಳಗೆ ಮಿತಿಯಿಲ್ಲ. ಅರ್ಜಿ ಸಲ್ಲಿಸಿ ಪರೀಕ್ಷೆಗೆ ಹಾಜರಾಗದಿದ್ದಲ್ಲಿ ಅವಕಾಶ ಕಳೆಯುವುದಿಲ್ಲ. ಆದರೆ ಪೂರ್ವಭಾವಿ ಪರೀಕ್ಷೆಯ ಒಂದೇ ಪತ್ರಿಕೆಗೆ ಹಾಜರಾದರೂ ಅದನ್ನು ಒಂದು ಅವಕಾಶವೆಂದು ಲೆಕ್ಕಹಾಕಲಾಗುವುದು. ಸಿದ್ಧತೆ ಇಲ್ಲದೆ ಕೇವಲ ಅನುಭವಕ್ಕಾಗಿ ಪರೀಕ್ಷೆಗೆ ಕುಳಿತುಕೊಳ್ಳುವುದು ಸೂಕ್ತವಲ್ಲ.

5. ಅರ್ಜಿ ಮತ್ತು ಪ್ರಮಾಣಪತ್ರಗಳು

ಅಧಿಸೂಚನೆಯು ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಆಯೋಗದ ಜಾಲತಾಣದಲ್ಲಿ ಪ್ರಕಟವಾಗುತ್ತದೆ. ಅರ್ಜಿಯನ್ನು ಆನ್‌ಲೈನ್ ಮೂಲಕವೇ ಸಲ್ಲಿಸತಕ್ಕದ್ದು. ಅರ್ಜಿ ಶುಲ್ಕ ರೂ. 100, ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಮತ್ತು ನಿಗದಿತ ಅಂಗವೈಕಲ್ಯ ಉಳ್ಳವರಿಗೆ ಶುಲ್ಕ ವಿನಾಯಿತಿ ಇದೆ. ಬೆಂಗಳೂರು, ಮೈಸೂರು ಮತ್ತು ಧಾರವಾಡದಲ್ಲಿ ಪೂರ್ವಭಾವಿ ಪರೀಕ್ಷೆಗೆ ಕೇಂದ್ರಗಳಿದ್ದು, ಮುಖ್ಯ ಪರೀಕ್ಷೆಗೆ ಬೆಂಗಳೂರಿನಲ್ಲಿ ಕೇಂದ್ರವಿದೆ. ಮೊದಲು ಅರ್ಜಿ ಸಲ್ಲಿಸಿದವರಿಗೆ ಮೊದಲು ಕೇಂದ್ರ ಎಂಬ ಕ್ರಮ ಇರುವುದರಿಂದ ಕೊನೆಯ ದಿನದವರೆಗೆ ಕಾಯಬಾರದು.

ಅಭ್ಯರ್ಥಿಗಳ ವಿಶೇಷ ಗಮನಕ್ಕೆ: ಕರ್ನಾಟಕ ರಾಜ್ಯದ ಪ್ರವರ್ಗ-1, 2ಎ, 2ಬಿ, 3ಎ ಮತ್ತು 3ಬಿ ವರ್ಗೀಕರಣವು ರಾಜ್ಯ ಸರ್ಕಾರದ ನೇಮಕಾತಿ ಹಾಗೂ ಪ್ರವೇಶಗಳಿಗೆ ಅನ್ವಯಿಸುತ್ತದೆ. ಕೇಂದ್ರದ ಪರೀಕ್ಷೆಗೆ ಅಭ್ಯರ್ಥಿಯ ಜಾತಿಯು ಇತರೆ ಹಿಂದುಳಿದ ವರ್ಗಗಳ ಕೇಂದ್ರ ಪಟ್ಟಿಯಲ್ಲಿ ಇರಬೇಕು ಮತ್ತು ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ಕೇಂದ್ರ ಸರ್ಕಾರದ ನಮೂನೆಯಲ್ಲೇ ಪಡೆದಿರಬೇಕು. ರಾಜ್ಯದ ನಮೂನೆಯ ಪತ್ರವನ್ನು ಪರಿಗಣಿಸಲಾಗುವುದಿಲ್ಲ. ಈ ಪತ್ರಕ್ಕೆ ಹಿಂದಿನ ಮೂರು ಆರ್ಥಿಕ ವರ್ಷಗಳ ಆದಾಯವನ್ನು ಆಧಾರವಾಗಿ ತೆಗೆದುಕೊಳ್ಳಲಾಗುತ್ತದೆ; 2017ರಿಂದ ಆದಾಯ ಮಿತಿ ವಾರ್ಷಿಕ ರೂ. 8 ಲಕ್ಷ. ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರವು ಹಿಂದಿನ ಒಂದು ಆರ್ಥಿಕ ವರ್ಷದ ಆದಾಯವನ್ನು ಆಧರಿಸಿರುತ್ತದೆ. ಎರಡೂ ಪತ್ರಗಳು ಅರ್ಜಿ ಸಲ್ಲಿಕೆಯ ಕೊನೆಯ ದಿನಾಂಕದೊಳಗಿನವು ಆಗಿರತಕ್ಕದ್ದು. ತಡವಾಗಿ ಪಡೆದ ಪತ್ರದಿಂದ, ಅಂಕಗಳು ಸಾಕಷ್ಟಿದ್ದರೂ, ಮೀಸಲಾತಿ ಸೌಲಭ್ಯ ಕೈತಪ್ಪುವ ಸಾಧ್ಯತೆ ಇದೆ. ಆದುದರಿಂದ ಅಧಿಸೂಚನೆ ಹೊರಬೀಳುವ ಮುನ್ನವೇ ತಹಶೀಲ್ದಾರರ ಕಚೇರಿ ಅಥವಾ ನಾಡಕಚೇರಿಯನ್ನು ಸಂಪರ್ಕಿಸುವುದು ಸೂಕ್ತ. ಶಾಲಾ ದಾಖಲೆ, ಆಧಾರ್ ಮತ್ತು ಜಾತಿ ಪ್ರಮಾಣಪತ್ರಗಳಲ್ಲಿ ಹೆಸರು ಹಾಗೂ ಜನ್ಮ ದಿನಾಂಕ ಒಂದೇ ರೀತಿ ಇವೆಯೇ ಎಂಬುದನ್ನೂ ಪರಿಶೀಲಿಸಿಕೊಳ್ಳತಕ್ಕದ್ದು.

6. ಪರೀಕ್ಷೆಯ ಹಂತಗಳು

ಮೊದಲನೇ ಹಂತ – ಪೂರ್ವಭಾವಿ ಪರೀಕ್ಷೆ: ತಲಾ 200 ಅಂಕಗಳ ಎರಡು ವಸ್ತುನಿಷ್ಠ ಪತ್ರಿಕೆಗಳು, ಪ್ರತಿಯೊಂದಕ್ಕೂ 2 ಗಂಟೆ. ಸಾಮಾನ್ಯ ಅಧ್ಯಯನ ಪತ್ರಿಕೆ-1ರಲ್ಲಿ 100 ಪ್ರಶ್ನೆಗಳಿದ್ದು ಅದರ ಅಂಕಗಳ ಆಧಾರದಲ್ಲಿ ಮುಂದಿನ ಹಂತಕ್ಕೆ ಆಯ್ಕೆ ನಡೆಯುತ್ತದೆ. ಸಿ-ಸ್ಯಾಟ್ ಎಂದು ಕರೆಯಲಾಗುವ ಪತ್ರಿಕೆ-2ರಲ್ಲಿ 80 ಪ್ರಶ್ನೆಗಳಿದ್ದು, 2015ರಿಂದ ಅದು ಅರ್ಹತಾ ಪತ್ರಿಕೆ ಮಾತ್ರ; ಕನಿಷ್ಠ ಶೇ. 33 ಅಂಕ ಗಳಿಸಿದರೆ ಸಾಕು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗವನ್ನು ಕಳೆಯಲಾಗುತ್ತದೆ. ಪ್ರಶ್ನೆಪತ್ರಿಕೆಗಳು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ ಇರುತ್ತವೆ. ಈ ಅಂಕಗಳನ್ನು ಅಂತಿಮ ಆಯ್ಕೆಗೆ ಸೇರಿಸುವುದಿಲ್ಲ.

ಎರಡನೇ ಹಂತ – ಮುಖ್ಯ ಪರೀಕ್ಷೆ: ಒಟ್ಟು 9 ವಿವರಣಾತ್ಮಕ ಪತ್ರಿಕೆಗಳು, ಪ್ರತಿಯೊಂದಕ್ಕೂ 3 ಗಂಟೆ.
– ಪತ್ರಿಕೆ ಎ: ಸಂವಿಧಾನದ 8ನೇ ಅನುಸೂಚಿಯ ಒಂದು ಭಾರತೀಯ ಭಾಷೆ, 300 ಅಂಕ. ಕನ್ನಡವನ್ನು ಆಯ್ದುಕೊಳ್ಳಬಹುದು.
– ಪತ್ರಿಕೆ ಬಿ: ಇಂಗ್ಲಿಷ್, 300 ಅಂಕ.
– ಪ್ರಬಂಧ: 250 ಅಂಕ.
– ಸಾಮಾನ್ಯ ಅಧ್ಯಯನ: ನಾಲ್ಕು ಪತ್ರಿಕೆಗಳು, ತಲಾ 250 ಅಂಕ.
– ಐಚ್ಛಿಕ ವಿಷಯ: ಎರಡು ಪತ್ರಿಕೆಗಳು, ತಲಾ 250 ಅಂಕ.
ಪತ್ರಿಕೆ ಎ ಮತ್ತು ಬಿ ಅರ್ಹತಾ ಪತ್ರಿಕೆಗಳಾಗಿದ್ದು ಪ್ರತಿಯೊಂದರಲ್ಲೂ ಕನಿಷ್ಠ ಶೇ. 25 ಅಂಕ ಪಡೆಯತಕ್ಕದ್ದು. ಇವುಗಳಲ್ಲಿ ಒಂದರಲ್ಲಿ ಅನುತ್ತೀರ್ಣರಾದರೂ ಉಳಿದ ಪತ್ರಿಕೆಗಳನ್ನು ಪರಿಗಣಿಸಲಾಗುವುದಿಲ್ಲ. ಉಳಿದ ಏಳು ಪತ್ರಿಕೆಗಳ 1,750 ಅಂಕಗಳನ್ನು ಆಯ್ಕೆಗೆ ಪರಿಗಣಿಸಲಾಗುತ್ತದೆ.

ಮೂರನೇ ಹಂತ – ವ್ಯಕ್ತಿತ್ವ ಪರೀಕ್ಷೆ: ನವದೆಹಲಿಯ ಶಹಜಹಾನ್ ರಸ್ತೆಯ ಧೋಲ್ಪುರ್ ಹೌಸ್‌ನಲ್ಲಿರುವ ಆಯೋಗದ ಕಚೇರಿಯಲ್ಲಿ ನಡೆಯುತ್ತದೆ. ಅಂಕಗಳು 275. ಹೀಗೆ ಅಂತಿಮ ಆಯ್ಕೆಯು ಒಟ್ಟು 2,025 ಅಂಕಗಳನ್ನು ಆಧರಿಸಿರುತ್ತದೆ.

7. ಸೇವೆಯ ಆದ್ಯತಾ ಪಟ್ಟಿ

ಒಂದೇ ಪರೀಕ್ಷೆಯಿಂದ ಹಲವು ಸೇವೆಗಳಿಗೆ ನೇಮಕಾತಿ ನಡೆಯುವುದರಿಂದ ಅಭ್ಯರ್ಥಿಯು ಆಯೋಗ ಸೂಚಿಸಿದ ಹಂತದಲ್ಲಿ ಸೇವೆಗಳ ಆದ್ಯತೆಯನ್ನು ನಮೂದಿಸಬೇಕು. ರ‍್ಯಾಂಕ್, ವರ್ಗ, ಖಾಲಿ ಹುದ್ದೆಗಳು ಮತ್ತು ಆದ್ಯತೆ ಇವುಗಳ ಆಧಾರದಲ್ಲಿ ಸೇವೆ ಹಂಚಿಕೆಯಾಗುತ್ತದೆ. ವಿದೇಶಾಂಗ ಸೇವೆಯ ಹುದ್ದೆಗಳು ಕಡಿಮೆ. 2023ರ ಪರೀಕ್ಷೆಯಲ್ಲಿ ಆಯ್ಕೆಯಾದ 1,016 ಮಂದಿಯ ಫಲಿತಾಂಶದೊಡನೆ ಈ ಸೇವೆಗೆ ಪ್ರಕಟವಾದ ಹುದ್ದೆಗಳು 37. 2024ರ ಪರೀಕ್ಷೆಯಲ್ಲಿ 1,009 ಮಂದಿಗೆ 55.

ಆದ್ಯತೆಯನ್ನು ಇತರರ ಪಟ್ಟಿಯಿಂದ ನಕಲು ಮಾಡಬಾರದು. ಐ.ಎ.ಎಸ್. ಮೊದಲು, ಐ.ಎಫ್.ಎಸ್. ನಂತರ ಎಂದು ಬರೆದ ಅಭ್ಯರ್ಥಿಯ ರ‍್ಯಾಂಕಿಗೆ ಐ.ಎ.ಎಸ್. ದೊರೆಯುವಂತಿದ್ದರೆ ವಿದೇಶಾಂಗ ಸೇವೆಗೆ ಪರಿಗಣನೆ ಆಗುವುದಿಲ್ಲ. ಹಾಗೆಯೇ ಐ.ಎ.ಎಸ್. ಅಥವಾ ವಿದೇಶಾಂಗ ಸೇವೆಗೆ ನೇಮಕಗೊಂಡು ಅದರಲ್ಲಿ ಮುಂದುವರಿದಿರುವವರು ಮತ್ತೆ ನಾಗರಿಕ ಸೇವಾ ಪರೀಕ್ಷೆ ಬರೆಯಲು ಅರ್ಹರಲ್ಲ. ಆದ್ದರಿಂದ ಈ ಪಟ್ಟಿಯು ಜೀವನಪರ್ಯಂತದ ನಿರ್ಧಾರವೆಂದು ತಿಳಿಯತಕ್ಕದ್ದು. ವಯಸ್ಸಾದ ತಂದೆ-ತಾಯಿಯರ ಆರೈಕೆ, ಪತಿ ಅಥವಾ ಪತ್ನಿಯ ಉದ್ಯೋಗ, ಕೆಲವು ವರ್ಷಗಳಿಗೊಮ್ಮೆ ದೇಶ ಬದಲಾಗುವಾಗ ಮಕ್ಕಳ ಶಿಕ್ಷಣ ಇವುಗಳ ಕುರಿತು ಕುಟುಂಬದವರೊಡನೆ ಮುಂಚಿತವಾಗಿ ಚರ್ಚಿಸುವುದು ಅಪೇಕ್ಷಣೀಯ.

8. ಸಿದ್ಧತೆ

(ಅ) ಅಡಿಪಾಯ: 6ರಿಂದ 12ನೇ ತರಗತಿಯ ಎನ್.ಸಿ.ಇ.ಆರ್.ಟಿ. ಪಠ್ಯಪುಸ್ತಕಗಳಲ್ಲಿ ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರವನ್ನು ಮೊದಲು ಓದುವುದು. ನಂತರ ಒಂದೊಂದು ವಿಷಯಕ್ಕೆ ಒಂದೇ ಆಕರ ಗ್ರಂಥವನ್ನು ಆಯ್ದು ಪುನರಾವರ್ತನೆ ಮಾಡುವುದು. ಪುಸ್ತಕಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ಓದಿದ್ದನ್ನೇ ಮತ್ತೆ ಓದುವುದು ಫಲಕಾರಿ.

(ಆ) ಅಂತರರಾಷ್ಟ್ರೀಯ ಸಂಬಂಧಗಳು: ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆಯಲ್ಲಿ ನೆರೆರಾಷ್ಟ್ರಗಳ ಸಂಬಂಧ, ಪ್ರಾದೇಶಿಕ ಹಾಗೂ ಜಾಗತಿಕ ಒಕ್ಕೂಟಗಳು, ಅನಿವಾಸಿ ಭಾರತೀಯರು ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿವೆ. ಇವುಗಳಿಗೆ ದಿನಪತ್ರಿಕೆಯೊಂದಿಗೆ ವಿದೇಶಾಂಗ ಸಚಿವಾಲಯದ ವಾರ್ಷಿಕ ವರದಿ ಮತ್ತು ಜಂಟಿ ಹೇಳಿಕೆಗಳನ್ನು ಓದುವುದು ಒಳ್ಳೆಯದು. ಸುದ್ದಿಯನ್ನು ಕಂಠಪಾಠ ಮಾಡುವ ಬದಲು ಅದರ ಮೂಲವನ್ನು ಹುಡುಕಬೇಕು.

ಉದಾಹರಣೆಗೆ, ಭಾರತ-ಬಾಂಗ್ಲಾದೇಶ ಭೂಗಡಿ ಒಪ್ಪಂದವನ್ನು ತೆಗೆದುಕೊಳ್ಳಬಹುದು. ಒಪ್ಪಂದಕ್ಕೆ ಸಹಿಯಾದದ್ದು 1974ರಲ್ಲಿ. ಜಾರಿಗೆ ಬಂದದ್ದು 2015ರಲ್ಲಿ. ವಿಳಂಬಕ್ಕೆ ಒಂದು ಸಾಂವಿಧಾನಿಕ ಕಾರಣವನ್ನು ಸರ್ವೋಚ್ಚ ನ್ಯಾಯಾಲಯವು 1960ರಲ್ಲಿ ಬೇರುಬಾರಿ ವಿಷಯದಲ್ಲಿ ನೀಡಿದ ಅಭಿಪ್ರಾಯದಲ್ಲಿ ಕಾಣಬಹುದು: ದೇಶದ ಭೂಭಾಗವನ್ನು ಬಿಟ್ಟುಕೊಡಲು ಸಂವಿಧಾನದ ತಿದ್ದುಪಡಿ ಅಗತ್ಯ. ಅದರಂತೆ 2015ರಲ್ಲಿ 100ನೇ ತಿದ್ದುಪಡಿ ಅಂಗೀಕಾರವಾಯಿತು. ಬಾಂಗ್ಲಾದೇಶದೊಳಗಿದ್ದ ಭಾರತದ 111 ಮತ್ತು ಭಾರತದೊಳಗಿದ್ದ ಬಾಂಗ್ಲಾದೇಶದ 51 ಭೂತುಣುಕುಗಳ ವಿನಿಮಯವಾಗಿ, ಅಲ್ಲಿನ ನಿವಾಸಿಗಳಿಗೆ ಪೌರತ್ವ ಆಯ್ದುಕೊಳ್ಳುವ ಅವಕಾಶ ದೊರೆಯಿತು. ಹೀಗೆ ಒಂದೇ ವಿಷಯದಲ್ಲಿ ಇತಿಹಾಸ, ಸಂವಿಧಾನ, ಭೂಪಟ ಮತ್ತು ಜನಜೀವನ ಒಂದಾಗುತ್ತವೆ. ಪ್ರತಿ ವಿಷಯವನ್ನೂ ಈ ಕ್ರಮದಲ್ಲಿ ಒಂದು ಪುಟದ ಟಿಪ್ಪಣಿಯಾಗಿ ಬರೆದಿಟ್ಟುಕೊಂಡರೆ ಉತ್ತರ ಬರೆಯಲು ಹಾಗೂ ಸಂದರ್ಶನಕ್ಕೆ ಉಪಯುಕ್ತ.

(ಇ) ಐಚ್ಛಿಕ ವಿಷಯ: ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು ಈ ಸೇವೆಗೆ ಹತ್ತಿರದ ವಿಷಯವಾದರೂ ಕಡ್ಡಾಯವಲ್ಲ. ವಾಣಿಜ್ಯ ಪದವೀಧರರು ವಾಣಿಜ್ಯ ಮತ್ತು ಲೆಕ್ಕಶಾಸ್ತ್ರವನ್ನೂ, ಆಸಕ್ತಿ ಉಳ್ಳವರು ಕನ್ನಡ ಸಾಹಿತ್ಯವನ್ನೂ ಆಯ್ದುಕೊಳ್ಳಬಹುದು. ಎರಡು ವರ್ಷಗಳ ಕಾಲ ಬೇಸರವಿಲ್ಲದೆ ಓದಬಲ್ಲ ವಿಷಯವೇ ಸೂಕ್ತ.

(ಈ) ಬರವಣಿಗೆ: ಓದು ಮುಗಿದ ನಂತರ ಬರೆಯುವುದೆಂದು ಮುಂದೂಡಬಾರದು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಲಭ್ಯವಿದ್ದು, ದಿನಕ್ಕೆ ಒಂದೆರಡು ಉತ್ತರಗಳನ್ನು ಗಡಿಯಾರ ನೋಡಿಕೊಂಡು ಬರೆಯುವ ಅಭ್ಯಾಸ ಅಗತ್ಯ.

(ಉ) ಸಂದರ್ಶನ: ವಿವರವಾದ ಅರ್ಜಿಯಲ್ಲಿ ನಮೂದಿಸಿದ ಊರು, ಪದವಿ, ಹವ್ಯಾಸ ಮತ್ತು ಸೇವಾ ಆದ್ಯತೆಯ ಮೇಲೆ ಪ್ರಶ್ನೆಗಳು ಬರುತ್ತವೆ. ಕೊಡಗಿನವರು ಕಾಫಿ ರಫ್ತಿನ ಬಗ್ಗೆ, ಕರಾವಳಿಯವರು ಕೊಲ್ಲಿ ರಾಷ್ಟ್ರಗಳಲ್ಲಿನ ಉದ್ಯೋಗದ ಬಗ್ಗೆ, ವಿಜಯನಗರ ಜಿಲ್ಲೆಯವರು 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಶೆರ್ಪಾ ಸಭೆಯ ಬಗ್ಗೆ ತಿಳಿದಿರಬೇಕಾದುದು ಸಹಜ.

(ಊ) ತರಬೇತಿ: ದುಬಾರಿ ತರಬೇತಿ ಅನಿವಾರ್ಯವಲ್ಲ. ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಅರ್ಹರಿಗೆ ಪರೀಕ್ಷಾಪೂರ್ವ ತರಬೇತಿಯ ಯೋಜನೆಗಳನ್ನು ನಡೆಸುತ್ತವೆ. ಜಿಲ್ಲಾ ಕಚೇರಿಗಳಲ್ಲಿ ವಿಚಾರಿಸಬಹುದು.

9. ಆಯ್ಕೆಯ ನಂತರ

ಆಯ್ಕೆಯಾದವರು ಮಸ್ಸೂರಿಯ ಲಾಲ್ ಬಹದ್ದೂರ್ ಶಾಸ್ತ್ರಿ ರಾಷ್ಟ್ರೀಯ ಆಡಳಿತ ಅಕಾಡೆಮಿಯಲ್ಲಿ ಇತರ ಸೇವೆಗಳವರೊಡನೆ ಬುನಾದಿ ತರಬೇತಿ ಪಡೆಯುತ್ತಾರೆ. ಬಳಿಕ ನವದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ವೃತ್ತಿ ತರಬೇತಿ ಇರುತ್ತದೆ. 1986ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ 2020ರಲ್ಲಿ ಈಗಿನ ಹೆಸರನ್ನು ಇಡಲಾಯಿತು. ಪ್ರತಿ ಅಧಿಕಾರಿಗೂ ಅರಬ್ಬಿ, ಚೀನಿ, ರಷ್ಯನ್, ಫ್ರೆಂಚ್, ಸ್ಪ್ಯಾನಿಷ್, ಜಪಾನಿಯಂತಹ ಒಂದು ವಿದೇಶಿ ಭಾಷೆಯನ್ನು ನಿಗದಿಪಡಿಸಲಾಗುತ್ತದೆ. ಆ ಭಾಷೆ ಬಳಕೆಯಲ್ಲಿರುವ ದೇಶಕ್ಕೆ ತೃತೀಯ ಕಾರ್ಯದರ್ಶಿಯಾಗಿ ತೆರಳಿ, ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾದ ನಂತರ ದ್ವಿತೀಯ ಕಾರ್ಯದರ್ಶಿಯಾಗಿ ಮುಂದುವರಿಯುತ್ತಾರೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದೇ?
ಉತ್ತರ: ಬರೆಯಬಹುದು. ಇಂಗ್ಲಿಷ್ ಪತ್ರಿಕೆಯನ್ನು ಹೊರತುಪಡಿಸಿ ಪ್ರಬಂಧ, ಸಾಮಾನ್ಯ ಅಧ್ಯಯನ ಹಾಗೂ ಐಚ್ಛಿಕ ಪತ್ರಿಕೆಗಳಿಗೆ ಕನ್ನಡ ಮಾಧ್ಯಮವನ್ನು ಆಯ್ದುಕೊಳ್ಳಬಹುದು. ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಆದರೆ ಸಾಹಿತ್ಯ ಪತ್ರಿಕೆಗಳನ್ನು ಬಿಟ್ಟು ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮುದ್ರಿತವಾಗಿರುವುದರಿಂದ ಪ್ರಶ್ನೆಯನ್ನು ಸರಿಯಾಗಿ ಗ್ರಹಿಸುವಷ್ಟು ಇಂಗ್ಲಿಷ್ ಜ್ಞಾನ ಅವಶ್ಯಕ.

ಪ್ರಶ್ನೆ: ವಿದೇಶಿ ಭಾಷೆ ಮೊದಲೇ ಕಲಿತಿರಬೇಕೇ?
ಉತ್ತರ: ಅಗತ್ಯವಿಲ್ಲ. ಆಯ್ಕೆಯ ನಂತರ ಸರ್ಕಾರವೇ ಕಲಿಸುತ್ತದೆ.

ಪ್ರಶ್ನೆ: ಐ.ಎಫ್.ಎಸ್. ಎಂದರೆ ಅರಣ್ಯ ಸೇವೆಯೇ?
ಉತ್ತರ: ಎರಡೂ ಸೇವೆಗಳನ್ನು ಇದೇ ಅಕ್ಷರಗಳಿಂದ ಕರೆಯುವ ರೂಢಿ ಇದೆ. ಅರಣ್ಯ ಸೇವೆಯು ಅಖಿಲ ಭಾರತ ಸೇವೆಯಾಗಿದ್ದು, ಪೂರ್ವಭಾವಿ ಪರೀಕ್ಷೆ ಒಂದೇ ಆದರೂ ವಿದ್ಯಾರ್ಹತೆ ಮತ್ತು ಮುಖ್ಯ ಪರೀಕ್ಷೆ ಬೇರೆ. ಅರ್ಜಿಯಲ್ಲಿ ಎಚ್ಚರಿಕೆಯಿಂದ ಗುರುತಿಸತಕ್ಕದ್ದು.

ಪ್ರಶ್ನೆ: ವಿದೇಶಾಂಗ ಸಚಿವಾಲಯದಲ್ಲಿ ಸೇರಲು ಬೇರೆ ಮಾರ್ಗವಿದೆಯೇ?
ಉತ್ತರ: ಸಿಬ್ಬಂದಿ ಆಯ್ಕೆ ಆಯೋಗದ ಸಂಯುಕ್ತ ಪದವಿ ಮಟ್ಟದ ಪರೀಕ್ಷೆಯ ಮೂಲಕ ಸಚಿವಾಲಯದ ಸಹಾಯಕ ಸೆಕ್ಷನ್ ಅಧಿಕಾರಿ ಹುದ್ದೆಗೆ ಆಯ್ಕೆಯಾಗಬಹುದು. ಇವರಿಗೂ ವಿದೇಶದ ಕಚೇರಿಗಳಲ್ಲಿ ಕೆಲಸ ಮಾಡುವ ಅವಕಾಶವಿದೆ.

ಪ್ರಶ್ನೆ: ರಾಯಭಾರ ಕಚೇರಿಯಲ್ಲಿ ನೌಕರಿ ಕೊಡಿಸುವುದಾಗಿ ಮಧ್ಯವರ್ತಿಗಳು ಹಣ ಕೇಳಿದರೆ?
ಉತ್ತರ: ರಾಜತಾಂತ್ರಿಕ ಹುದ್ದೆಗೆ ಮಧ್ಯವರ್ತಿಗಳ ಮೂಲಕ ನೇಮಕಾತಿ ಇರುವುದಿಲ್ಲ. ಹಣ ನೀಡದೆ ಹತ್ತಿರದ ಪೊಲೀಸ್ ಠಾಣೆಗೆ ದೂರು ಸಲ್ಲಿಸತಕ್ಕದ್ದು.

ಸೂಚನೆ: ದಿನಾಂಕ, ಶುಲ್ಕ, ಪರೀಕ್ಷಾ ಕೇಂದ್ರ ಮತ್ತು ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಆಯಾ ವರ್ಷದ ಕೇಂದ್ರ ಲೋಕಸೇವಾ ಆಯೋಗದ ಅಧಿಸೂಚನೆ ಹಾಗೂ ಭಾರತ ಸರ್ಕಾರದ ಪರೀಕ್ಷಾ ನಿಯಮಗಳೇ ಅಂತಿಮ. ಅಭ್ಯರ್ಥಿಗಳು ಅವುಗಳನ್ನು ಪೂರ್ಣವಾಗಿ ಓದಿದ ನಂತರವೇ ಅರ್ಜಿ ಸಲ್ಲಿಸಲು ಕೋರಲಾಗಿದೆ.